ಕೊಡುವುದನ್ನು ಕಲಿಸಿದ ಶಾಲೆ

(ಜುಫೈರ್‌ನಲ್ಲಿ ಸೇರಿದ್ದ ಕನ್ನಡ ಕುಟುಂಬಗಳ ಸಭೆಯಲ್ಲಿ ಅತಿಥಿ ವೈದ್ಯರೊಬ್ಬರು ನೀಡಿದ ಉಪನ್ಯಾಸದ ಪಾಠ)



ವೈದ್ಯರನ್ನು ಭಾಷಣಕ್ಕೆ ಕರೆದರೆ ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡ, ಇವೆರಡರ ಹೊರತು ಮೂರನೆಯ ವಿಷಯವನ್ನು ಸಾಮಾನ್ಯವಾಗಿ ಯಾರೂ ನಿರೀಕ್ಷಿಸುವುದಿಲ್ಲ. ಈ ಬಾರಿ ನಿಮ್ಮ ಪದಾಧಿಕಾರಿಗಳು ನಮ್ಮ ಮುಂದೆ ಇಟ್ಟ ವಿಷಯ ಬೇರೆಯೇ ಆಗಿದೆ. ಇಲ್ಲಿನ ಮಕ್ಕಳು ಊರಿನ ಒಂದು ಕನ್ನಡ ಮಾಧ್ಯಮದ ಪ್ರೌಢಶಾಲೆಗಾಗಿ ನಿಧಿ ಸಂಗ್ರಹಿಸಬೇಕೆಂದು ಸಂಕಲ್ಪಿಸಿದ್ದಾರೆ. ಅದು ಕ್ರೈಸ್ತ ಗುರುಗಳು ಸ್ಥಾಪಿಸಿದ, ಎಲ್ಲ ಜಾತಿಮತಗಳ ಮಕ್ಕಳೂ ಓದುವ ಅನುದಾನಿತ ಶಾಲೆ. ಸಂಕಲ್ಪದ ವಿಷಯದಲ್ಲಿ ಎಲ್ಲರಿಗೂ ಒಮ್ಮತವಿದೆ. ಆದರೆ ಹೆಚ್ಚು ಹಣ ತಂದ ಮಗುವಿಗೆ ವೇದಿಕೆಯ ಮೇಲೆ ಬಹುಮಾನ ಕೊಡಬೇಕೇ ಬೇಡವೇ ಎಂಬಲ್ಲಿ ಹಿರಿಯರಲ್ಲಿ ಎರಡು ಪಕ್ಷಗಳಾಗಿವೆಯೆಂದು ತಿಳಿಯಿತು. ಅಂತಹ ಶಾಲೆಯೊಂದರಲ್ಲಿ ಓದಿದವರೆಂಬ ಕಾರಣದಿಂದ ನಮ್ಮ ಅಭಿಪ್ರಾಯವನ್ನು ಕೇಳಿದ್ದೀರಿ. ಪ್ರಶ್ನೆ ಚಿಕ್ಕದಾಗಿ ಕಂಡರೂ ಅದರ ಉತ್ತರ ಚಿಕ್ಕದಲ್ಲ. ಅದನ್ನು ಕಂಡುಕೊಳ್ಳಲು ಆ ಶಾಲೆಗಳ ಹಿನ್ನೆಲೆಯನ್ನು ಸ್ವಲ್ಪ ಅವಲೋಕಿಸಬೇಕಾಗುತ್ತದೆ.

ಕೆಥೋಲಿಕ್ ಪ್ರೌಢಶಾಲೆಯೆಂಬುದು ಹುಟ್ಟಿನಿಂದಲೇ ದಾನದ ಕೂಸು. ಯೇಸು ಸಭೆಯ ಗುರುಗಳು, ಅಂದರೆ ಜೆಸ್ವಿತರು, 1548ರಲ್ಲಿ ಸಿಸಿಲಿಯ ಮೆಸ್ಸಿನಾ ನಗರದಲ್ಲಿ ಶಾಲೆ ತೆರೆದಾಗ ಅದನ್ನು ಬೇಡಿದವರು ಆ ಊರಿನ ನಾಗರಿಕರು, ಖರ್ಚನ್ನು ಹೊತ್ತವರೂ ಅವರೇ. ವಿದ್ಯಾರ್ಥಿಗಳಿಂದ ಶುಲ್ಕ ಪಡೆಯಬಾರದೆಂಬುದು ಆ ಕಾಲದ ನಿಯಮವಾಗಿತ್ತು. ನಮ್ಮ ಕರಾವಳಿಯಲ್ಲಿಯೂ ನಡೆದದ್ದು ಇದೇ ರೀತಿ. ಮಂಗಳೂರಿನ ಕ್ರೈಸ್ತರು ತಮ್ಮ ಮಕ್ಕಳಿಗೆ ಉನ್ನತ ವಿದ್ಯೆ ಬೇಕೆಂದು ರೋಮಿಗೆ ಮನವಿಗಳನ್ನು ಕಳುಹಿಸಿದ ಫಲವಾಗಿ ಜೆಸ್ವಿತರು 1878ರ ಕೊನೆಯ ದಿನ ಮಂಗಳೂರಿಗೆ ಬಂದಿಳಿದರು. 1880ರ ಜನವರಿಯಲ್ಲಿ ಸಂತ ಅಲೋಶಿಯಸ್ ವಿದ್ಯಾಸಂಸ್ಥೆ ಆರಂಭವಾಯಿತು. ಕೆಲವೇ ವರ್ಷಗಳಲ್ಲಿ ಅದು ಬಾವುಟಗುಡ್ಡೆಯ ಮೇಲೆ, ಊರಿನವರೇ ದಾನವಾಗಿ ಕೊಟ್ಟ ನೆಲದಲ್ಲಿ, ತನ್ನ ಸ್ವಂತ ಕಟ್ಟಡವನ್ನು ಕಂಡಿತು. ಇದಕ್ಕೆ ಹತ್ತು ವರ್ಷ ಮುಂಚೆಯೇ, 1870ರಲ್ಲಿ, ಅಪೋಸ್ತಲಿಕ್ ಕಾರ್ಮೆಲ್ ಸಭೆಯ ಭಗಿನಿಯರು ಮಂಗಳೂರಿಗೆ ಬಂದು ಹೆಣ್ಣುಮಕ್ಕಳ ವಿದ್ಯಾಭ್ಯಾಸವನ್ನು ಕೈಗೆತ್ತಿಕೊಂಡಿದ್ದರು. ಅವರೇ 1921ರಲ್ಲಿ ಸಂತ ಆಗ್ನೆಸ್ ಕಾಲೇಜನ್ನು ತೆರೆದರು. ಕುವೈತಿನ ಕಾರ್ಮೆಲ್ ಶಾಲೆಯೂ ಇದೇ ಸಭೆಯದು. ಹೀಗಾಗಿ ಮಂಗಳೂರಿಗೂ ಕೊಲ್ಲಿ ರಾಷ್ಟ್ರಗಳಿಗೂ ನಡುವೆ ತೈಲದ ಸಂಬಂಧ ಮಾತ್ರವಲ್ಲ, ಪಾಟಿ ಬಳಪದ ಸಂಬಂಧವೂ ಇದೆಯೆಂದು ಹೇಳಬಹುದು.

ಸಂತ ಅಲೋಶಿಯಸ್ ಎಂಬ ಹೆಸರನ್ನು ನಮ್ಮಲ್ಲಿ ಅನೇಕರು ಬಸ್ಸಿನ ನಿಲ್ದಾಣದ ಹೆಸರಿನಂತೆ ಉಚ್ಚರಿಸುತ್ತೇವೆ. ಆ ವ್ಯಕ್ತಿ ಯಾರು? ಇಟಲಿಯ ಗೊಂಜಾಗ ಎಂಬ ಅರಸು ಮನೆತನದ ಹಿರಿಯ ಮಗ. ಕಾಸ್ತಿಲ್ಯೋನೆಯ ಜಹಗೀರಿಗೆ ಹಕ್ಕುದಾರನಾಗಿದ್ದ ಆತ ಅದನ್ನು ತಮ್ಮನಿಗೆ ಬಿಟ್ಟುಕೊಟ್ಟು ಜೆಸ್ವಿತ್ ಸಭೆಯನ್ನು ಸೇರಿದನು. 1591ರಲ್ಲಿ ರೋಮ್ ನಗರದಲ್ಲಿ ಸಾಂಕ್ರಾಮಿಕ ರೋಗ ಹರಡಿದಾಗ ಆ ತರುಣ ಬೀದಿಬೀದಿಯಲ್ಲಿ ರೋಗಿಗಳಿಗಾಗಿ ಭಿಕ್ಷೆ ಬೇಡಿದನು; ರೋಗಿಗಳನ್ನು ಹೊತ್ತು ಆಸ್ಪತ್ರೆಗೆ ಸಾಗಿಸಿದನು; ತಾನೂ ಅಸ್ವಸ್ಥನಾಗಿ ಅದೇ ವರ್ಷ ಜೂನ್ 21ರಂದು, ಕೇವಲ 23ನೆಯ ವಯಸ್ಸಿನಲ್ಲಿ, ತೀರಿಕೊಂಡನು. ಇಟಲಿಯಿಂದ ಬಂದ ಚಿತ್ರಕಾರ ಅಂತೋನಿಯೊ ಮೊಸ್ಕೇನಿಯವರು 1899ರಿಂದ 1901ರವರೆಗೆ ದುಡಿದು ಬಾವುಟಗುಡ್ಡೆಯ ಪ್ರಾರ್ಥನಾಲಯದ ಗೋಡೆ ಮತ್ತು ಛಾವಣಿಗಳನ್ನು ಚಿತ್ರಗಳಿಂದ ತುಂಬಿದಾಗ ಛಾವಣಿಯ ಮೇಲೆ ಈತನ ಜೀವನವನ್ನೇ ಬರೆದರು. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಅರಸು ಮಗನು ಬೇಡಲು ಕಲಿತನು. ಕೊಡುವುದು ಶ್ರೀಮಂತನಿಗೆ ಅಷ್ಟೇನೂ ಕಷ್ಟವಲ್ಲ. ಇನ್ನೊಬ್ಬರಿಗಾಗಿ ತಾನು ಕೈಯೊಡ್ಡಿ ನಿಲ್ಲುವುದು ಮಾತ್ರ ಬಹಳ ಕಷ್ಟ. ನಿಧಿ ಸಂಗ್ರಹಕ್ಕೆ ಹೊರಟ ಮಗು ಮೊದಲು ಕಲಿಯಬೇಕಾದ ಪಾಠ ಇದೇ ಎಂದು ನಾವು ಭಾವಿಸುತ್ತೇವೆ.

ಅದೇ ಕಾಲೇಜಿಗೆ 1880ರಲ್ಲಿ ಅಧ್ಯಾಪಕರಾಗಿ ಬಂದ ಜರ್ಮನ್ ಗುರುಗಳೊಬ್ಬರ ವಿಷಯವನ್ನೂ ಇಲ್ಲಿ ಸ್ಮರಿಸುವುದು ಉಚಿತ. ಅಗಸ್ಟಸ್ ಮುಲ್ಲರ್ ಎಂಬ ಆ ಗುರುಗಳು ತಮ್ಮೊಂದಿಗೆ ಒಂದು ಹೋಮಿಯೋಪಥಿ ಔಷಧ ಪೆಟ್ಟಿಗೆಯನ್ನು ತಂದಿದ್ದರು. ಮೊದಲು ವಿದ್ಯಾರ್ಥಿಗಳಿಗೆ, ಬಳಿಕ ಕಂಕನಾಡಿಯ ಆಲದ ಮರದಡಿಯಲ್ಲಿ ಬಡವರಿಗೆ ಔಷಧ ಹಂಚಲು ತೊಡಗಿದರು. 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು; ಮಂಗಳೂರಿಗೆ ಪ್ಲೇಗ್ ಬಂದಾಗ 1902ರಲ್ಲಿ ಅದಕ್ಕೂ ಪ್ರತ್ಯೇಕ ಆಸ್ಪತ್ರೆ ತೆರೆದರು. ಇವೆಲ್ಲಕ್ಕೂ ಹಣ ಎಲ್ಲಿಂದ ಬಂತು? ದಾನಿಗಳಿಂದ ಬಂದದ್ದು ಒಂದು ಪಾಲಾದರೆ, ತಾವೇ ಸಿದ್ಧಪಡಿಸಿದ ಔಷಧಗಳನ್ನು ದೇಶದ ಮೂಲೆಮೂಲೆಗೆ ಮಾರಿ ಬಂದ ಲಾಭವನ್ನು ಅವರು ಬಡವರ ಆಸ್ಪತ್ರೆಗೆ ವಿನಿಯೋಗಿಸಿದರು. ಬೇಡಿದ ಹಣದ ಜೊತೆಗೆ ದುಡಿದ ಹಣವೂ ಇದ್ದುದರಿಂದ ಆ ಸಂಸ್ಥೆ ಅವರು 1910ರಲ್ಲಿ ಗತಿಸಿದ ಮೇಲೆಯೂ ಉಳಿಯಿತು, ಬೆಳೆಯಿತು. 1999ರಲ್ಲಿ ಅಲ್ಲಿಯೇ ವೈದ್ಯಕೀಯ ಕಾಲೇಜೂ ಆರಂಭವಾಯಿತು. ನಾವು ಅಲೋಪಥಿಯವರು, ಹೋಮಿಯೋಪಥಿಯ ಗುಣಾವಗುಣಗಳ ಚರ್ಚೆಗೆ ಇದು ವೇದಿಕೆಯಲ್ಲ. ಆದರೆ ಕುಷ್ಠರೋಗಿಯನ್ನು ಊರೇ ಹೊರಗಟ್ಟುತ್ತಿದ್ದ ಕಾಲದಲ್ಲಿ ಅವನ ಹುಣ್ಣು ತೊಳೆದು ಅವನಿಗೊಂದು ಹಾಸಿಗೆ ಕೊಟ್ಟವರ ಮುಂದೆ ಯಾವ ಪದ್ಧತಿಯ ವೈದ್ಯನೂ ತಲೆಬಾಗಲೇಬೇಕು.

ಇನ್ನು ನಾವು ಓದಿದ ಕಾಲಕ್ಕೆ ಬರೋಣ. 1980ರ ದಶಕದ ದಕ್ಷಿಣ ಕನ್ನಡದ ಒಂದು ಸಾಮಾನ್ಯ ಕೆಥೋಲಿಕ್ ಪ್ರೌಢಶಾಲೆಯನ್ನು ನೀವು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಬೇಕು. ಹಂಚಿನ ಮಾಡು, ಉದ್ದನೆಯ ಜಗಲಿ, ಮಳೆಗಾಲದಲ್ಲಿ ಗೋಡೆಗೆ ಒರಗಿಸಿಟ್ಟ ನೂರಾರು ಕೊಡೆಗಳು, ಮಧ್ಯಾಹ್ನ ಕುಚ್ಚಲಕ್ಕಿ ಅನ್ನದ ಬುತ್ತಿ. ಒಂದೇ ಬೆಂಚಿನಲ್ಲಿ ಕುಳಿತ ನಾಲ್ವರು ಹುಡುಗರು ಮನೆಯಲ್ಲಿ ನಾಲ್ಕು ಭಾಷೆ ಆಡುವವರು: ಒಬ್ಬನದು ಕೊಂಕಣಿ, ಒಬ್ಬನದು ತುಳು, ಮತ್ತೊಬ್ಬನದು ಬ್ಯಾರಿ, ಇನ್ನೊಬ್ಬನದು ಹವ್ಯಕ ಕನ್ನಡ. ಅವರನ್ನು ಕೂಡಿಸಿದ್ದು ಶಾಲೆಯ ಕನ್ನಡ. ಕ್ರೈಸ್ತ ಸಂಸ್ಥೆಗಳು ಇಂಗ್ಲಿಷನ್ನು ಮಾತ್ರ ಬೆಳೆಸಿದವೆಂಬ ಮಾತು ಕೇಳಿಬರುವುದುಂಟು. ಅದು ಪೂರ್ಣ ಸತ್ಯವಲ್ಲ. ‘ನಾಡೋಜ ಪಂಪ’ವನ್ನು ಬರೆದ ಮುಳಿಯ ತಿಮ್ಮಪ್ಪಯ್ಯನವರು, ಪಂಡಿತವರೇಣ್ಯರಾದ ಸೇಡಿಯಾಪು ಕೃಷ್ಣಭಟ್ಟರು, ಇವರಿಬ್ಬರೂ ಕನ್ನಡ ಪಂಡಿತರಾಗಿ ಪಾಠ ಹೇಳಿದ್ದು ಸಂತ ಅಲೋಶಿಯಸ್ ಸಂಸ್ಥೆಯಲ್ಲಿ. ಗುರುಗಳ ಧರ್ಮ ಒಂದು, ಪಂಡಿತರ ಧರ್ಮ ಇನ್ನೊಂದು, ವಿದ್ಯಾರ್ಥಿಗಳ ಧರ್ಮ ಹತ್ತು. ಪಾಠ ಮಾತ್ರ ಒಂದೇ ಆಗಿತ್ತು.

ಇಂತಹ ಶಾಲೆಯಲ್ಲಿ ವರ್ಷವಿಡೀ ಯಾವುದಾದರೊಂದು ನಿಧಿ ಸಂಗ್ರಹ ನಡೆಯುತ್ತಿತ್ತು. ಡಿಸೆಂಬರ್ 7ರ ಧ್ವಜ ದಿನಕ್ಕೆ ಸೈನಿಕರ ಕ್ಷೇಮನಿಧಿಯ ಪುಟ್ಟ ಬಾವುಟಗಳು. ಈ ಪದ್ಧತಿ 1949ರಿಂದ ಬಂದದ್ದು. ಜನವರಿ ಕೊನೆಯಲ್ಲಿ ಕುಷ್ಠರೋಗ ನಿವಾರಣೆಯ ದಿನ. ಇವುಗಳ ಜೊತೆಗೆ ಕ್ಷಯರೋಗದ ಸೀಲು. ಅಂಚೆಚೀಟಿಯಂತೆಯೇ ಕಾಣುವ ಈ ಸೀಲಿನ ಕಥೆ ಸ್ವಾರಸ್ಯಕರವಾಗಿದೆ. ಡೆನ್ಮಾರ್ಕಿನ ಅಂಚೆ ಗುಮಾಸ್ತ ಐನಾರ್ ಹೋಲ್ಬೊಲ್ ಎಂಬವರು ಕ್ರಿಸ್ಮಸ್ ಕಾಗದಗಳ ರಾಶಿಯನ್ನು ವಿಂಗಡಿಸುತ್ತಿದ್ದಾಗ, ಪ್ರತಿಯೊಂದು ಕಾಗದಕ್ಕೂ ಒಂದು ಪುಟ್ಟ ಚೀಟಿ ಅಂಟಿಸಿ ಅದರ ಹಣವನ್ನು ರೋಗಿ ಮಕ್ಕಳಿಗೆ ಕೊಡಬಾರದೇಕೆ ಎಂದು ಯೋಚಿಸಿದರು. 1904ರಲ್ಲಿ ಮೊದಲ ಸೀಲು ಹೊರಬಂತು. ಭಾರತದಲ್ಲಿ 1950ರಿಂದ ಇದರ ಮಾರಾಟ ಆರಂಭವಾಯಿತು. ಮಾರಾಟಗಾರರಲ್ಲಿ ಶಾಲಾಮಕ್ಕಳೂ ಇದ್ದರು.

ಕರಾವಳಿಯವರಿಗೆ ಇಂತಹ ಕೂಡುವಿಕೆ ಹೊಸದೇನೂ ಅಲ್ಲ. ದೇವಸ್ಥಾನದ ಬ್ರಹ್ಮಕಲಶಕ್ಕೆ ಊರೂರಿನಿಂದ ಹೊರೆಕಾಣಿಕೆ ಬರುತ್ತದೆ. ಶಾಲೆಯ ಕಟ್ಟಡಕ್ಕೆ, ಕಷ್ಟದಲ್ಲಿರುವ ಕಲಾವಿದನಿಗೆ ಸಹಾಯಾರ್ಥ ಯಕ್ಷಗಾನ ನಡೆಯುತ್ತದೆ. ಇಗರ್ಜಿಯ ಮೈದಾನದಲ್ಲಿ ಹೌಸಿ ಹೌಸಿ ಮತ್ತು ಅದೃಷ್ಟ ಚೀಟಿಗಳಿಂದ ಹಣ ಕೂಡುತ್ತದೆ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಕ್ರೈಸ್ತ ಮಕ್ಕಳು ತಟ್ಟೆ ತುಂಬ ಹೂವು ಒಯ್ಯುತ್ತಾರೆ, ಹೊಸ ಭತ್ತದ ತೆನೆಯನ್ನು ಮನೆಗೆ ತರುತ್ತಾರೆ. ಒಯ್ಯುವ ಕೈಯೇ ತರುವ ಕೈ. ಕೊಡುವವನು ಮೇಲೆ, ಪಡೆಯುವವನು ಕೆಳಗೆ ಎಂಬ ಭೇದ ಈ ಆಚರಣೆಗಳಲ್ಲಿ ಇಲ್ಲ.

ನಮ್ಮ ಶಾಲೆಯಲ್ಲಿ ಸೀಲಿನ ಹಣವನ್ನು ಲೆಕ್ಕ ಒಪ್ಪಿಸುವ ಕ್ರಮ ಹೀಗಿತ್ತು. ಯಾವ ವಿದ್ಯಾರ್ಥಿ ಎಷ್ಟು ತಂದನೆಂಬುದನ್ನು ತರಗತಿಯಲ್ಲಿ ಓದುತ್ತಿರಲಿಲ್ಲ. ತರಗತಿಯ ಒಟ್ಟು ಮೊತ್ತವನ್ನು ಮಾತ್ರ ಕರಿಹಲಗೆಯ ಮೇಲೆ ಬರೆಯುತ್ತಿದ್ದರು. ಅದಕ್ಕೆ ಬದಲಾಗಿ ಕನ್ನಡ ಪಂಡಿತರು ಒಂದು ಪ್ರಬಂಧ ಬರೆಸುತ್ತಿದ್ದರು. ವಿಷಯ: ‘ನಾನು ಹೋದ ಮನೆಗಳು’. ಯಾರ ಮನೆಗೆ ಹೋದಿರಿ, ಅವರು ಏನು ಕೇಳಿದರು, ನೀವು ಏನು ಹೇಳಿದಿರಿ, ಕೊಡದವರು ಏಕೆ ಕೊಡಲಿಲ್ಲ, ಇವಿಷ್ಟನ್ನು ಬರೆಯಬೇಕಿತ್ತು. ಅಂಕ ಬೀಳುತ್ತಿದ್ದದ್ದು ಪ್ರಬಂಧಕ್ಕೆ, ಹಣಕ್ಕಲ್ಲ.

ನಮ್ಮ ಸಹಪಾಠಿಯೊಬ್ಬನ ತಾಯಿ ಬೀಡಿ ಕಟ್ಟುತ್ತಿದ್ದರು. ಆ ಕಾಲದಲ್ಲಿ ನಮ್ಮ ಜಿಲ್ಲೆಯ ಸಾವಿರಾರು ಮಕ್ಕಳ ಶುಲ್ಕ, ಪುಸ್ತಕ, ಸಮವಸ್ತ್ರಗಳೆಲ್ಲ ತಾಯಂದಿರ ಮಡಿಲಿನ ಗೆರಸೆಯಿಂದಲೇ ಬಂದವು. ಆ ಹುಡುಗ ಮಾರಿದ್ದು ಐದೇ ಸೀಲು. ಐದನ್ನೂ ಕೊಂಡವರು ಬೀಡಿ ಬ್ರಾಂಚಿಗೆ ಬೀಡಿ ಒಪ್ಪಿಸಲು ಬಂದ ಹೆಂಗಸರು. ಅವರಲ್ಲೊಬ್ಬರು, ‘ಮಗಾ, ಈ ದುಡ್ಡು ನಮ್ಮವರು ಇರುವ ಸ್ಯಾನಟೋರಿಯಂಗೂ ಹೋಗುತ್ತದೆಯೇ?’ ಎಂದು ಕೇಳಿದರಂತೆ. ಅವನಿಗೆ ಉತ್ತರ ಗೊತ್ತಿರಲಿಲ್ಲ. ‘ಕೇಳಿ ಬಂದು ಹೇಳುತ್ತೇನೆ’ ಎಂದು ಹೇಳಿ ಬಂದನಂತೆ. ಪಂಡಿತರು ಆ ಪ್ರಬಂಧವನ್ನು, ಬರೆದವನ ಒಪ್ಪಿಗೆ ಪಡೆದು, ಹೆಸರು ಹೇಳದೆ ತರಗತಿಯಲ್ಲಿ ಓದಿದರು. ಆಮೇಲೆ ಮುಖ್ಯೋಪಾಧ್ಯಾಯರು ಕ್ಷಯರೋಗ ಸಂಘಕ್ಕೆ ಕಾಗದ ಬರೆದು ಹಣದ ವಿನಿಯೋಗವನ್ನು ವಿಚಾರಿಸಿದರು. ಬಂದ ಉತ್ತರವನ್ನು ಆ ಹುಡುಗನ ಕೈಯಲ್ಲಿಯೇ ಕೊಟ್ಟು ಆ ತಾಯಿಯ ಬಳಿಗೆ ಕಳುಹಿಸಿದರು. ದಾನಕ್ಕೆ ಲೆಕ್ಕ ಒಪ್ಪಿಸಬೇಕು. ಅದೂ ಅತಿ ಕಡಿಮೆ ಕೊಟ್ಟವರಿಗೆ ಮೊದಲು ಒಪ್ಪಿಸಬೇಕು ಎಂಬ ಪಾಠವನ್ನು ನಾವು ಕಲಿತದ್ದು ಹೀಗೆ.

ಇದಕ್ಕೆ ವಿರುದ್ಧವಾದ ಕ್ರಮವನ್ನೂ ನಾವು ಬಲ್ಲೆವು. ನಮ್ಮ ಬಂಧುವರ್ಗದ ಹುಡುಗನೊಬ್ಬ ಓದುತ್ತಿದ್ದ ಬೇರೊಂದು ಶಾಲೆಯಲ್ಲಿ ಅತಿ ಹೆಚ್ಚು ಹಣ ತಂದವನಿಗೆ ಪದಕ ಕೊಡುವ ಪದ್ಧತಿಯಿತ್ತು. ಅವನ ತಂದೆ ಒಂದೇ ಚೆಕ್ಕಿನಲ್ಲಿ ಇಡೀ ಪುಸ್ತಕದ ಹಣವನ್ನು ತುಂಬಿಬಿಟ್ಟರು. ಹುಡುಗ ಒಂದು ಬಾಗಿಲನ್ನೂ ತಟ್ಟಲಿಲ್ಲ. ಪದಕ ಮಾತ್ರ ಅವನಿಗೇ ಬಂತು. ಸಂಗ್ರಹವಾದ ಹಣದಿಂದ ಯಾವನೋ ರೋಗಿಗೆ ಔಷಧ ದೊರೆತಿರಬಹುದು. ಆದರೆ ಶಾಲೆ ಆ ಹುಡುಗನಿಗೆ ಕಲಿಸಿದ್ದೇನು? ದಾನವೂ ಒಂದು ಪರೀಕ್ಷೆ, ಅದರಲ್ಲಿ ತಂದೆಯ ಬ್ಯಾಂಕು ಖಾತೆಯಿಂದ ರ‍್ಯಾಂಕು ಪಡೆಯಬಹುದು ಎಂಬುದನ್ನು. ಐದು ಸೀಲು ಮಾರಿದ ಹುಡುಗ ಆ ಶಾಲೆಯಲ್ಲಿದ್ದಿದ್ದರೆ ಪಟ್ಟಿಯ ಕೊನೆಯಲ್ಲಿ ತಲೆ ತಗ್ಗಿಸಿ ನಿಲ್ಲುತ್ತಿದ್ದನು. ಬಹುಮಾನದ ಬಗೆಗಿನ ನಿಮ್ಮ ಪ್ರಶ್ನೆಗೆ ನಮ್ಮ ಉತ್ತರ ಈ ಎರಡು ಶಾಲೆಗಳ ವ್ಯತ್ಯಾಸದಲ್ಲಿಯೇ ಇದೆ.

ಬಹುಮಾನವಿದ್ದರೆ ಹಣ ಹೆಚ್ಚು ಕೂಡುತ್ತದೆ, ಫಲಾನುಭವಿಗಳಿಗೆ ಅಷ್ಟರಮಟ್ಟಿಗೆ ಲಾಭವೇ ಅಲ್ಲವೇ ಎಂಬ ವಾದವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಹಸಿದವನಿಗೆ ಅನ್ನ ಮುಖ್ಯ, ಬಡಿಸಿದವನ ಮನೋಭಾವವಲ್ಲ. ಆದರೆ ಹಣವೇ ಗುರಿಯಾಗಿದ್ದರೆ ಮಕ್ಕಳನ್ನು ಬಿಸಿಲಿನಲ್ಲಿ ಓಡಾಡಿಸುವ ಅಗತ್ಯವೇನು? ಇಲ್ಲಿ ಕುಳಿತಿರುವ ಹಿರಿಯರು ಮನಸ್ಸು ಮಾಡಿದರೆ ಈ ಸಂಜೆಯೊಳಗೆ ಆ ಮೊತ್ತವನ್ನು ಕೂಡಿಸಬಲ್ಲರು. ಮಕ್ಕಳನ್ನು ತೊಡಗಿಸಿದ ಮೇಲೆ ಅದು ವಿದ್ಯಾಭ್ಯಾಸ. ವಿದ್ಯಾಭ್ಯಾಸದಲ್ಲಿ ಮಗುವಿನ ಮನಸ್ಸಿನೊಳಗೆ ಏನು ಉಳಿಯಿತೆಂಬುದೇ ಲೆಕ್ಕ.

ಇದೇ ಮಾತನ್ನು ಹೆಚ್ಚು ಕಟುವಾಗಿ ಆಡಿದವರು ಜೆಸ್ವಿತ್ ಸಭೆಯ ಮಹಾಧಿಪತಿಗಳಾಗಿದ್ದ ಪೇದ್ರೋ ಅರೂಪೆಯವರು. ಅವರು ಸಭೆಯನ್ನು ಸೇರುವ ಮೊದಲು ಮ್ಯಾಡ್ರಿಡ್ಡಿನಲ್ಲಿ ವೈದ್ಯಕೀಯ ಓದಿದವರು. 1945ರ ಆಗಸ್ಟ್ 6ರಂದು ಹಿರೋಶಿಮಾದ ಮೇಲೆ ಅಣುಬಾಂಬು ಬಿದ್ದಾಗ ಅವರು ನಗರದ ಹೊರವಲಯದ ಗುರುಮಠದಲ್ಲಿದ್ದರು. ಆ ಮಠವನ್ನೇ ಆಸ್ಪತ್ರೆಯಾಗಿ ಮಾಡಿ ಗಾಯಾಳುಗಳ ಶುಶ್ರೂಷೆ ನಡೆಸಿದರು. 1973ರಲ್ಲಿ ಸ್ಪೇನಿನ ವಲೆನ್ಸಿಯಾದಲ್ಲಿ ಜೆಸ್ವಿತ್ ಶಾಲೆಗಳ ಹಳೆಯ ವಿದ್ಯಾರ್ಥಿಗಳ ಮುಂದೆ ಮಾತನಾಡುತ್ತಾ, ಪರರಿಗಾಗಿ ಬದುಕುವವರನ್ನು ರೂಪಿಸುವುದೇ ನಮ್ಮ ವಿದ್ಯಾಭ್ಯಾಸದ ಗುರಿಯಾಗಬೇಕು ಎಂಬ ಅರ್ಥದ ಮಾತನ್ನು ಹೇಳಿದರು. ನ್ಯಾಯವನ್ನು ಮರೆತ ದಾನ ಸಾಲದೆಂದೂ ಎಚ್ಚರಿಸಿದರು. ಸಭೆಯಲ್ಲಿದ್ದ ಅನುಕೂಲಸ್ಥರಲ್ಲಿ ಹಲವರಿಗೆ ಅದು ರುಚಿಸಲಿಲ್ಲ. ಕಹಿಯಾದದ್ದರಿಂದಲೇ ಆ ಮಾತ್ರೆ ಕೆಲಸ ಮಾಡಿತೆಂದು ವೈದ್ಯರಾದ ನಮಗೆ ತೋರುತ್ತದೆ. ಇಂದಿಗೂ ಲೋಕದ ಎಲ್ಲ ಜೆಸ್ವಿತ್ ಶಾಲೆಗಳಲ್ಲಿ ಆ ಮಾತು ಪ್ರಚಲಿತವಾಗಿದೆ.

ವೈದ್ಯಕೀಯ ವೃತ್ತಿಯು ನಮಗೆ ಕಲಿಸಿದ ಇನ್ನೊಂದು ಸಂಗತಿಯನ್ನು ನಿವೇದಿಸಬೇಕು. ಎಂ.ಬಿ.ಬಿ.ಎಸ್. ಮುಗಿಸಿ ಕ್ಷಯರೋಗಿಗಳ ವಾರ್ಡಿನಲ್ಲಿ ದುಡಿಯುತ್ತಿದ್ದಾಗ ಕಂಡದ್ದಿದು. ಆರು ತಿಂಗಳು ಬಿಡದೆ ಔಷಧ ಸೇವಿಸಿದರೆ ವಾಸಿಯಾಗುವ ರೋಗ. ಎರಡು ತಿಂಗಳಿಗೆ ಕೆಮ್ಮು ನಿಲ್ಲುತ್ತದೆ, ಮೈಗೆ ಸ್ವಲ್ಪ ಶಕ್ತಿ ಬರುತ್ತದೆ. ಬಸ್ಸಿನ ಖರ್ಚು ಮತ್ತು ಒಂದು ದಿನದ ಕೂಲಿಯ ನಷ್ಟವನ್ನು ನೆನೆದು ರೋಗಿ ಬರುವುದನ್ನೇ ಬಿಡುತ್ತಾನೆ. ಮುಂದಿನ ಬಾರಿ ಬಂದಾಗ ಹಳೆಯ ಔಷಧಕ್ಕೆ ರೋಗ ಬಗ್ಗುವುದಿಲ್ಲ. ಮುಂದೆ ವಿದೇಶದಲ್ಲಿ ರೆಸಿಡೆನ್ಸಿ ಮಾಡುವಾಗಲೂ, ಈ ದ್ವೀಪದಲ್ಲಿ ವೃತ್ತಿ ನಡೆಸುವಾಗಲೂ ಕಂಡ ಸತ್ಯ ಇದೇ: ದೊಡ್ಡ ಡೋಸು ಒಮ್ಮೆ ಕೊಟ್ಟರೆ ಪ್ರಯೋಜನವಿಲ್ಲ, ಸಣ್ಣ ಡೋಸು ತಪ್ಪದೆ ಕೊಡಬೇಕು. ದಾನಕ್ಕೂ ಇದು ಅನ್ವಯಿಸುತ್ತದೆ. ನಮ್ಮ ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿ, ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಿಗೆ ಹೋಗಿ ಸಂಗ್ರಹಿಸಿತು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಆದರೆ ಪಿಗ್ಮಿ ಎಂಬ ಪದ ಕರಾವಳಿಯ ಪ್ರತಿಯೊಬ್ಬ ಅಂಗಡಿಯವನ ನಾಲಿಗೆಯ ಮೇಲೆ ಇನ್ನೂ ಇದೆ. ವರ್ಷಕ್ಕೊಮ್ಮೆ ಅದ್ದೂರಿಯ ಔತಣಕೂಟ ಏರ್ಪಡಿಸಿ ಕಳುಹಿಸುವ ಹಣಕ್ಕಿಂತ, ಮನೆಯಲ್ಲೊಂದು ಡಬ್ಬಿ ಇಟ್ಟು ಮಗು ವಾರವಾರವೂ ತನ್ನ ಕೈಖರ್ಚಿನಿಂದ ಹಾಕುವ ನೂರು ಫಿಲ್ಸ್ ಹೆಚ್ಚು ಕಾಲ ಬಾಳುತ್ತದೆ.

ಇನ್ನು ನಾವಿರುವ ನೆಲದ ವಿಷಯ. ಈ ಜುಫೈರ್‌ನಲ್ಲಿ ನಿಂತರೆ ಅಲ್ ಫತೇಹ್ ಮಹಾ ಮಸೀದಿಯ ಗುಮ್ಮಟ ಕಾಣುತ್ತದೆ. ಆದಾಯ ಉಳಿತಾಯಗಳಲ್ಲಿ ನಿರ್ದಿಷ್ಟ ಪಾಲು ಬಡವರಿಗೆ ಸೇರಿದ್ದು ಎಂಬ ಜಕಾತಿನ ತತ್ತ್ವವನ್ನು ಈ ನಾಡು ಶತಮಾನಗಳಿಂದ ಪಾಲಿಸಿಕೊಂಡು ಬಂದಿದೆ. ರಂಜಾನಿನ ನಡುಭಾಗದಲ್ಲಿ ಗರ್ಗಾಊನ್ ರಾತ್ರಿ ಇಲ್ಲಿನ ಮಕ್ಕಳು ಚೀಲ ಹಿಡಿದು ಮನೆಮನೆಗೆ ಹೋಗಿ ಹಾಡಿ ಬೀಜ ಮಿಠಾಯಿಗಳನ್ನು ಪಡೆಯುವುದನ್ನು ನೀವೆಲ್ಲರೂ ನೋಡಿದ್ದೀರಿ. ಮುಹರ್ರಕಿನಲ್ಲಿ 1919ರಲ್ಲಿ ಅಲ್ ಹಿದಾಯಾ ಶಾಲೆ ತೆರೆದಾಗ ಕೊಲ್ಲಿಯ ಈ ಭಾಗದಲ್ಲಿ ಆಧುನಿಕ ವಿದ್ಯಾಭ್ಯಾಸಕ್ಕೆ ನಾಂದಿಯಾಯಿತು. ಅರಸರು ಕೊಟ್ಟ ನೆಲದಲ್ಲಿ 1939ರಲ್ಲಿ ಮನಾಮಾದ ಪವಿತ್ರ ಹೃದಯದ ಇಗರ್ಜಿ ಎದ್ದಿತು. ಅದೇ ಹೆಸರಿನ ಶಾಲೆ ಇಂದು ಇಸಾ ಟೌನಿನಲ್ಲಿ ನಡೆಯುತ್ತಿದ್ದು, ಹಲವು ದೇಶಗಳ, ಹಲವು ಧರ್ಮಗಳ ಮಕ್ಕಳು ಅಲ್ಲಿ ಓದುತ್ತಾರೆ. 2022ರ ನವೆಂಬರ್ 5ರಂದು ಪೋಪ್ ಫ್ರಾನ್ಸಿಸರು ಅಲ್ಲಿಯೇ ಯುವಜನರನ್ನು ಭೇಟಿಯಾಗಿ ಮೂರು ಮಾತು ಹೇಳಿದರು: ಇತರರ ಕಾಳಜಿಯನ್ನು ಸಂಸ್ಕೃತಿಯಾಗಿ ಬೆಳೆಸಿಕೊಳ್ಳಿ, ಸೋದರಭಾವವನ್ನು ಬಿತ್ತಿ, ಜೀವನದಲ್ಲಿ ಆಯ್ಕೆ ಮಾಡಲು ಹಿಂಜರಿಯಬೇಡಿ ಎಂಬುದು ಅವುಗಳ ಸಾರ. ಬಸವಣ್ಣನವರ ದಾಸೋಹವನ್ನು ಬಲ್ಲ ಕನ್ನಡಿಗರಿಗೆ ಇದರಲ್ಲಿ ಯಾವುದೂ ಪರಕೀಯವೆನಿಸದು.

ದಾನದ ಮಾತು ಬಂದಾಗ ನಮ್ಮ ಕಣ್ಣ ಮುಂದೆಯೇ ಇದ್ದೂ ನಾವು ಗುರುತಿಸದ ದಾನಿಗಳಿದ್ದಾರೆ. ನಮ್ಮ ಚಿಕಿತ್ಸಾಲಯಕ್ಕೆ ಬರುತ್ತಿದ್ದ ನಲವತ್ತರ ಹರೆಯದ ಕೂಲಿ ಕಾರ್ಮಿಕರೊಬ್ಬರು, ನಮ್ಮ ಜಿಲ್ಲೆಯವರೇ, ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಎರಡು ತುಂಡು ಮಾಡಿ ಅರ್ಧವನ್ನು ಮಾತ್ರ ಸೇವಿಸುತ್ತಿದ್ದರು. ಕಾರಣ ಕೇಳಿದರೆ ಬಹಳ ಹೊತ್ತು ಮೌನವಾಗಿದ್ದು, ‘ಜೂನ್ ತಿಂಗಳಲ್ಲವೇ ಡಾಕ್ಟ್ರೇ, ಮಗಳ ಶಾಲೆ ಶುರು’ ಎಂದರು. ಮಗಳ ಶುಲ್ಕಕ್ಕಾಗಿ ತಂದೆ ತನ್ನ ಮಾತ್ರೆಯನ್ನು ಅರ್ಧ ಮಾಡಿದ್ದನು. ಅವರಿಗೆ ಔಷಧದ ವ್ಯವಸ್ಥೆಯಾಯಿತು. ಅದು ಬೇರೆ ಮಾತು. ಯಾವ ಸ್ಮರಣ ಸಂಚಿಕೆಯಲ್ಲಿಯೂ ಅವರ ಹೆಸರು ಮಹಾಪೋಷಕರ ಪಟ್ಟಿಯಲ್ಲಿ ಅಚ್ಚಾಗುವುದಿಲ್ಲ. ಆದರೆ ಊರಿನ ಶಾಲೆಗಳು ಇಂದು ನಡೆಯುತ್ತಿರುವುದು ಬಹುಮಟ್ಟಿಗೆ ಇಂತಹವರ ದುಡಿಮೆಯಿಂದ. ನಮ್ಮ ಮಕ್ಕಳು ನಿಧಿ ಸಂಗ್ರಹಕ್ಕೆ ಹೊರಡುವ ಮುನ್ನ ಇಂತಹವರ ವಸತಿಗೆ ಹೋಗಿ, ಹಣ ಬೇಡದೆ, ಅವರೊಂದಿಗೆ ಕನ್ನಡದಲ್ಲಿಯೋ ತುಳುವಿನಲ್ಲಿಯೋ ಅರ್ಧ ಗಂಟೆ ಮಾತನಾಡಿ ಬರಲಿ. ಶಾಲೆಯೊಂದರ ಬೆಲೆ ಏನೆಂಬುದು ಅವರಿಗೆ ಆಗ ತಿಳಿಯುತ್ತದೆ.

ನೀವು ಆರಿಸಿಕೊಂಡ ಶಾಲೆಯ ಸ್ಥಿತಿಯೂ ಚಿಂತನೀಯವಾದದ್ದೇ. ಕನ್ನಡ ಮಾಧ್ಯಮದ ಅನುದಾನಿತ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಇಳಿಯುತ್ತಿರುವುದು ಎಲ್ಲರೂ ಬಲ್ಲ ಸಂಗತಿ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಮಾಧ್ಯಮವನ್ನು ಸರ್ಕಾರ ಕಡ್ಡಾಯ ಮಾಡುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2014ರ ಮೇ 6ರಂದು ತೀರ್ಪಿತ್ತಿತು. ತೀರ್ಪನ್ನು ದೂಷಿಸಿ ಪ್ರಯೋಜನವಿಲ್ಲ. ನಾವೇ ನಮ್ಮ ಮಕ್ಕಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಕಳುಹಿಸಿದವರು. ಆ ಶಾಲೆಯಲ್ಲಿ ಉಳಿದಿರುವವರು ಬೇರೆ ಆಯ್ಕೆಯಿಲ್ಲದ ಮನೆಗಳ ಮಕ್ಕಳು. ಕೆಲವೆಡೆ ಉತ್ತರ ಕರ್ನಾಟಕದಿಂದ ಕೂಲಿಗಾಗಿ ಬಂದವರ ಮಕ್ಕಳೂ ಅವರೊಡನೆ ಓದುತ್ತಾರೆ. ನಾಲ್ಕು ಭಾಷೆಯ ಬೆಂಚಿಗೆ ಈಗ ಐದನೆಯ ನುಡಿಯೊಂದು ಬಂದು ಸೇರಿದೆಯೆಂದು ತಿಳಿಯಿರಿ. ಆ ಬೆಂಚು ಉಳಿಯಬೇಕಾದದ್ದು ಕನ್ನಡದ ಹಿತದೃಷ್ಟಿಯಿಂದ ಮಾತ್ರವಲ್ಲ, ಊರಿನ ನೆಮ್ಮದಿಯ ದೃಷ್ಟಿಯಿಂದಲೂ ಅವಶ್ಯಕ.

ಈ ಹಿನ್ನೆಲೆಯಲ್ಲಿ ಕೆಲವು ಸಲಹೆಗಳನ್ನು ವಿನಯಪೂರ್ವಕವಾಗಿ ಮುಂದಿಡುತ್ತೇವೆ. ಮೊದಲನೆಯದು, ಕಾನೂನಿನ ವಿಷಯ. ಸಾರ್ವಜನಿಕ ಉದ್ದೇಶಕ್ಕೆ ಹಣ ಸಂಗ್ರಹಿಸುವುದನ್ನು ಬಹರೈನಿನಲ್ಲಿ 2013ರ ಶಾಸನ ನಿಯಂತ್ರಿಸುತ್ತದೆ. ಸಂಬಂಧಪಟ್ಟ ಸಚಿವಾಲಯದ ಅನುಮತಿಯಿಲ್ಲದೆ ಮಕ್ಕಳ ಕೈಗೆ ರಸೀದಿ ಪುಸ್ತಕ ಕೊಡಕೂಡದು. ಭಾರತದಲ್ಲಿ 2010ರ ವಿದೇಶಿ ದೇಣಿಗೆ ಕಾಯಿದೆಯಿದೆ. ಭಾರತದ ಪೌರತ್ವವನ್ನು ಉಳಿಸಿಕೊಂಡವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳುಹಿಸುವ ದಾನ ವಿದೇಶಿ ದೇಣಿಗೆ ಎನಿಸುವುದಿಲ್ಲ. ಪರದೇಶದ ಪೌರತ್ವ ಪಡೆದವರ ಅಥವಾ ಪರದೇಶದ ಸಂಸ್ಥೆಯ ಹಣ ವಿದೇಶಿ ದೇಣಿಗೆಯೇ ಆಗುತ್ತದೆ, ಅದನ್ನು ಸ್ವೀಕರಿಸಲು ಆ ಶಾಲೆಯ ಆಡಳಿತಕ್ಕೆ ನೋಂದಣಿ ಅಥವಾ ಪೂರ್ವಾನುಮತಿ ಬೇಕು. ಈ ವ್ಯತ್ಯಾಸವನ್ನು ಮಕ್ಕಳಿಗೂ ವಿವರಿಸಿ. ಪೌರನೀತಿಯ ಪಾಠ ಇದಕ್ಕಿಂತ ಚೆನ್ನಾಗಿ ಬೇರೆಲ್ಲಿ ದೊರೆತೀತು?

ಎರಡನೆಯದು, ಆ ಶಾಲೆಗೆ ಏನು ಬೇಕೆಂದು ಮುಖ್ಯೋಪಾಧ್ಯಾಯರನ್ನು ಕೇಳಿಯೇ ಮುಂದುವರಿಯಿರಿ. ನಾವು ಗಣಕಯಂತ್ರ ಕಳುಹಿಸುವ ಉತ್ಸಾಹದಲ್ಲಿರುತ್ತೇವೆ. ಅವರಿಗೆ ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರಿನ ಪಂಪು ಬೇಕಾಗಿರಬಹುದು. ರೋಗಿಯನ್ನು ಪರೀಕ್ಷಿಸದೆ ಔಷಧ ಬರೆಯುವ ವೈದ್ಯನನ್ನು ಯಾರೂ ಮೆಚ್ಚುವುದಿಲ್ಲ. ಮೂರನೆಯದು, ಸಹಾಯ ಪಡೆಯುವ ಮಕ್ಕಳ ಭಾವಚಿತ್ರವನ್ನು ಈ ಸಂಚಿಕೆಯಲ್ಲಾಗಲಿ ಮೊಬೈಲಿನಲ್ಲಾಗಲಿ ಹಂಚಬೇಡಿ. ರೋಗಿಯ ಗುಟ್ಟನ್ನು ವೈದ್ಯನು ಕಾಪಾಡುವಂತೆ ಬಡತನದ ಗುಟ್ಟನ್ನು ದಾನಿಯು ಕಾಪಾಡಬೇಕು. ನಾಲ್ಕನೆಯದು, ಲೆಕ್ಕಪುಸ್ತಕವನ್ನು ಮಕ್ಕಳೇ ಬರೆಯಲಿ, ಕನ್ನಡದಲ್ಲಿಯೇ ಬರೆಯಲಿ. ನೂರು ಫಿಲ್ಸ್ ಕೊಟ್ಟವರಿಗೂ ನೂರು ದಿನಾರು ಕೊಟ್ಟವರಿಗೂ ಒಂದೇ ಬಗೆಯ ರಸೀದಿ, ಒಂದೇ ಬಗೆಯ ಕೃತಜ್ಞತಾ ಪತ್ರ ಹೋಗಲಿ. ಐದನೆಯದು, ಹಣದೊಂದಿಗೆ ಸಮಯವನ್ನೂ ಕೊಡಲಿ. ಇಲ್ಲಿನ ಹತ್ತನೆಯ ತರಗತಿಯ ಮಗು ಅಲ್ಲಿನ ಹತ್ತನೆಯ ತರಗತಿಯ ಮಗುವಿಗೆ ವಾರಕ್ಕೊಮ್ಮೆ ದೂರವಾಣಿಯಲ್ಲಿ ಇಂಗ್ಲಿಷ್ ಹೇಳಿಕೊಡಲಿ. ಅಲ್ಲಿನ ಮಗು ಇಲ್ಲಿನ ಮಗುವಿಗೆ ಕನ್ನಡ ಓದಿಸಲಿ. ಆಗ ಇಬ್ಬರೂ ಕೊಡುವವರಾಗುತ್ತಾರೆ, ಇಬ್ಬರೂ ಪಡೆಯುವವರಾಗುತ್ತಾರೆ. ಊರಿನವರು ಮುಯ್ಯಿ ಎಂದು ಕರೆಯುತ್ತಿದ್ದುದು ಇದನ್ನೇ ಅಲ್ಲವೇ?

ಬಹುಮಾನ ಕೊಡಲೇಬೇಕೆಂದಿದ್ದರೆ, ‘ನಾನು ಹೋದ ಮನೆಗಳು’ ಎಂಬ ಪ್ರಬಂಧಕ್ಕೆ ಕೊಡಿ. ಅದನ್ನು ಕನ್ನಡದಲ್ಲಿ ಬರೆಯಿಸಿ, ತಪ್ಪುಗಳಿದ್ದರೆ ಇರಲಿ, ಈ ಪತ್ರಿಕೆಯಲ್ಲಿ ಪ್ರಕಟಿಸಿ. ಯಾರ ಮನೆಯಲ್ಲಿ ಎಷ್ಟು ಸಿಕ್ಕಿತೆಂಬುದನ್ನು ಮಾತ್ರ ಬರೆಯದಿರಲಿ.

ಮಕ್ಕಳೇ, ಕೊನೆಯ ಮಾತು ನಿಮಗೆ. ಮುಂದಿನ ತಿಂಗಳುಗಳಲ್ಲಿ ನೀವು ಕೆಲವು ಬಾಗಿಲುಗಳನ್ನು ತಟ್ಟುತ್ತೀರಿ. ಕೆಲವರು ಕೊಡುತ್ತಾರೆ, ಕೆಲವರು ಕೊಡುವುದಿಲ್ಲ. ಕೊಡದವರ ಮೇಲೆ ಮುನಿಯಬೇಡಿ. ಅವರ ಕಷ್ಟ ಅವರಿಗೇ ಗೊತ್ತು. ಕೊಟ್ಟವರು, ‘ಈ ಹಣ ಎಲ್ಲಿಗೆ ಹೋಗುತ್ತದೆ?’ ಎಂದು ಕೇಳಿದರೆ ತೋಚಿದ್ದನ್ನು ಹೇಳಬೇಡಿ. ‘ಕೇಳಿ ಬಂದು ಹೇಳುತ್ತೇನೆ’ ಎನ್ನಿ. ಹೇಳಿದ ಮೇಲೆ ಆ ಮನೆಗೆ ಮತ್ತೆ ಹೋಗಿ, ತಪ್ಪದೆ ಉತ್ತರ ಹೇಳಿ ಬನ್ನಿ.

 ಸಕ್ಕರೆ ಕಾಯಿಲೆಯ ಬಗ್ಗೆ ಪ್ರಶ್ನೆಗಳಿದ್ದರೆ ಊಟದ ಬಳಿಕವಲ್ಲ, ಊಟಕ್ಕೆ ಮುಂಚೆಯೇ ಕೇಳಬೇಕಾಗಿ ವಿನಂತಿ.